ಕಡಾಯಿ ಸಂದ್ಯಾಗಿನ ಬೆಲ್ಲ

ಆ ವರ್ಷ ರಾಳ ಸಿಗಲಿಲ್ಲ. ಇಚಲಕರಂಜಿ ಪ್ಯಾಟ್ಯಾಗ ಸಿಗಲಿಲ್ಲ, ಕೊಲ್ಲಾಪುರಕ್ಕ ಹೋದೆ, ಅಲ್ಲೂ ಸಿಗಲಿಲ್ಲ. ಅಂಗಡ್ಯಾಂವ ತಕ್ಕಡಿ ಒರಸಕೋತ "ರಾಳ ನಾಹೀ ಬಾಬಾ, ಲಢಾಈ ಚಾಲೂ ಆಹೇ" ಅಂದ. ಲಡಾಯಿ ನಡದದ್ದು ಎಲ್ಲೋ ಸಮುದ್ರದ ಆಚಿಕಡೆ. ಅದಕ್ಕೂ ನಮ್ಮ ಹೊಳೀಗೂ ಏನು ಸಂಬಂಧಾನೋ ಮಾರಾಯಾ ಅಂತ ಬೈಕೋತ ಗಡಹಿಂಗ್ಲಜದ ಸಂತಿಗೆ ಹೋದೆ. ಅಲ್ಲೆ ಒಬ್ಬ ಮುದುಕಿ ಅಂಗೈಯಷ್ಟು ಕೊಟ್ಟಳು. ಮನಿಗೆ ತಂದು ಬೆಂಕಿ ಮ್ಯಾಲ ಕರಗಸಿ ನೋಡಿದ್ರ ಅದರಾಗ ಅರ್ಧ ಉಸುಕು.

ರಾಳ ಯಾಕ ಬೇಕಿತ್ತು ಅಂದ್ರ, ನಮ್ಮ ದೋಣಿ ಕಟಗೀದಲ್ಲ, ಕಬ್ಬಿಣದ್ದು. ದೋಣಿ ಅನ್ನೂದೂ ತಪ್ಪು, ಅದು ಬೆಲ್ಲ ಕಾಸೂ ಕಡಾಯಿ. ಆಳೆತ್ತರದ ಇಬ್ಬರು ಉದ್ದಕ್ಕ ಮಲಗಿದ್ರೂ ಜಾಗಾ ಉಳೀಬೇಕು, ಅಷ್ಟು ಅಗಲ. ಅಂಚು ಮೊಳಕಾಲಿಗಿಂತ ಸ್ವಲ್ಪ ಎತ್ತರ. ಕಬ್ಬಿಣದ ತಗಡು ಒಂದರ ಮ್ಯಾಲ ಒಂದು ಹೊಂದಿಸಿ ಮೊಳಿ ಬಡದು ಮಾಡಿರತಾರ, ನೀರು ಸೋರಧಂಗ ಆ ಸಂದಿ ರಾಳದ ಅಂಟಿನ್ಲೆ ಮುಚ್ಚಬೇಕು. ಎತ್ತಾಕ ಸುತ್ತಲೂ ನಾಕು ಬಳಿ ಇರತಾವ. ಸುಗ್ಗ್ಯಾಗ ಕಬ್ಬಿನ ಹಾಲು ಕುದಸಾಕ, ಮಳೆಗಾಲದಾಗ ಪಂಚಗಂಗಿ ದಾಟಾಕ. ನಮ್ಮ ಸೀಮ್ಯಾಗ ಇದು ಹಿಂದಿಂದಲೂ ನಡದ ಬಂದದ್ದು. ನಾವು ಅಂಬಿಗರು, ಹುಟ್ಟು ಹಾಕೂದು ನಮ್ಮ ಕಸಬು. ಕಡಾಯಿ ಮಾತ್ರ ಗಾಣದ ಯಜಮಾನರದು.

ಯಜಮಾನರು ಜೈನರು, ಇರಿವಿ ಸಾಲು ಕಂಡ್ರ ಸುತ್ತ ಹಾಕಿ ಹೋಗೂ ಮನಿಷಾ. ಆಚಿ ದಂಡಿ ಹೊಲಕ್ಕ ಮಂದೀನ ದಾಟಸಾಕಂತ ಕಡಾಯಿ ಕೊಡತಿದ್ರು. ಅದರಾಗ ಕುಂತು ನಾವು ಮೀನಿಗೆ ಬಲಿ ಬೀಸತೇವಿ ಅನ್ನೂದು ಅವರಿಗೆ ಗೊತ್ತಿತ್ತು, ಕಂಡೂ ಕಾಣಧಂಗ ಇರತಿದ್ರು. ಕರಾರು ಎರಡ. ಹಿಡದ ಮೀನು ಕಡಾಯಿ ಒಳಗ ಬೀಳಬಾರ್ದು. ಸಂದಿಗೆ ಕೊಬ್ಬು ಹಚ್ಚಬಾರ್ದು. ಮುಂದ ಅದರಾಗ ಬೆಲ್ಲ ಕಾಸಿ ಬಸದಿಗೂ ಕೊಡಬೇಕಲ್ಲ. ಅದಕ್ಕ ನಾವು ಮೀನು ಹೊರಗ ನೀರಾಗ ಜಾಳಿಗಿ ಇಳಿಬಿಟ್ಟು ಅದರಾಗ ಹಾಕತಿದ್ವಿ. ಸಂದಿಗೆ ರಾಳ, ಶೇಂಗಾದೆಣ್ಣಿ, ಸುಣ್ಣ.

ನಮ್ಮಪ್ಪ ಇದರ ಪದ್ಧತಿ ನನಗ ಕಿವಿ ಹಿಂಡಿ ಕಲಿಸಿದ್ದ. ಮಿರಗದ ಮಳಿ ಬೀಳೂಕಿಂತ ಮೊದಲ ಕಡಾಯಿ ಬೋರಲ ಹಾಕಿ ಕಬ್ಬಿನ ಒಣಾ ಎಲಿ, ರವದಿ, ಹಚ್ಚಿ ಉರಿ ಕೊಡಬೇಕು. ಸುಗ್ಗಿ ಮುಗಿಯೂದ್ರಾಗ ಕಬ್ಬಿನ ಹಾಲು ಸಂದಿಯೊಳಗ ಇಳದು ಸುಟ್ಟು ಕರ್ರಗ ಕಲ್ಲಾಗಿ ಕುಂತಿರತೈತಿ, ಅದು ಉರಿಗೆ ಸಡಲ ಬೀಳತೈತಿ. ಆಮ್ಯಾಲ ಚಾಣ ಹಿಡದು ಒಂದ ಚೂರೂ ಬಿಡದ ಕೆರದು ತಗೀಬೇಕು. ಒಂದೊಂದ ಮೊಳಿ ಮ್ಯಾಲೂ ಸುತ್ತಿಗಿ ಬಡದು ಕಿವಿಗೊಟ್ಟು ಕೇಳಬೇಕು. ಬಿಗಿ ಇದ್ರ ಠಣ್ ಅಂತೈತಿ, ಸಡಲಿದ್ರ ಠಪ್ ಅಂತೈತಿ. ಬಿಸಿ ರಾಳ ಒತ್ತಿ ತುಂಬಬೇಕು. ಕಡೀಕ ಮೂರು ಕಲ್ಲಿನ ಮ್ಯಾಲ ಇಟ್ಟು, ಬುಡಕ ಬೂದಿ ಉದರಸಿ, ಕಂಠಮಟ ನೀರು ತುಂಬಿ ಎರಡು ದಿನ ಬಿಡಬೇಕು. ಬೂದಿ ಮ್ಯಾಲ ಒಂದ ಹನಿ ಕಲಿ ಕಂಡ್ರೂ ಮತ್ತ ಮೊದಲಿಂದ.

"ಎರಡು ದಿನ ಯಾಕ ಅಪ್ಪಾ?" ಅಂತ ಒಮ್ಮೆ ಕೇಳಿದ್ದೆ. "ನಿನ್ನ ಹೆಣಾ ಹುಡಕಾಕ ಮೂರು ದಿನ ಬೇಕು, ಅದರಕಿಂತ ಒಂದು ದಿನ ಕಡಿಮಿ" ಅಂದಿದ್ದ. ಅಂವ ಹಂಗ ಮಾತಾಡಾಂವ.

ರಾಳ ಇಲ್ಲದ ಆ ವರ್ಷ ಕಡಾಯಿ ಮುಂದ ಕುಂತು ನಾನು ಒಂದು ಲೆಕ್ಕಾ ಹಾಕಿದೆ. ಸಂದಿ ಕೆರದ್ರ ಮತ್ತ ಮುಚ್ಚಾಕ ಏನೂ ಇಲ್ಲ. ಕೆರೀಲಿಲ್ಲಂದ್ರ ಸುಟ್ಟ ಬೆಲ್ಲ ಐತಿ, ಕಲ್ಲಿನಂಗ ಐತಿ. ಕುದಿಯೂ ಕಬ್ಬಿನ ಹಾಲು ನಾಕು ತಿಂಗಳು ಸೋರದ ಕಡಾಯಿ ತಣ್ಣನ ಹೊಳಿ ನೀರಿಗೆ ಸೋರತೈತೇನು? ಭಾಳ ಶಾಣ್ಯಾ ಆದೆ ನೋಡ್ರಿ. ಬೆಂಕಿ ಬೆಲ್ಲಾನ್ನ ಬಿಗಿ ಮಾಡತೈತಿ, ನೀರು ಕರಗಸತೈತಿ ಅನ್ನೂದು ಕೂಸಿಗೂ ಗೊತ್ತಿರೂ ಮಾತು. ದಿನಾ ಮುಂಜಾನೆ ಬೆಲ್ಲ ಕಡಕೊಂಡು ನೀರು ಕುಡ್ಯಾಂವ ನಾನು, ನನಗ ಹೊಳೀಲಿಲ್ಲ.

ಹೊಳೀಲಿಲ್ಲ ಅಂದ್ರ ಸುಳ್ಳು ಹೇಳಿಧಂಗ. ಒಂದೀಟು ಅನುಮಾನ ಇತ್ತು. ಕೊಬ್ಬು ಹಚ್ಚಲೇನು ಅಂತ ಯಜಮಾನರನ್ನ ಒಂದ ಮಾತು ಕೇಳೂಣು ಅಂತಲೂ ಅನಿಸಿತ್ತು. ನಾಚಿಕಿ ಬಂತು, ಬಿಟ್ಟೆ.

ಮುಂಜಾನೆ ನೀರು ತುಂಬಿದೆ. ಮಧ್ಯಾನ್ನ ಬಗ್ಗಿ ನೋಡಿದೆ, ಬೂದಿ ಒಣಾ ಇತ್ತು. ಅಷ್ಟರಾಗ ನನ್ನ ಮೈದುನ ಓಡಕೋತ ಬಂದ. ನನ್ನ ಹೆಂಡತಿಯ ತಮ್ಮ ಅಂವ. ತಾಯಿ ಸತ್ತ ಮ್ಯಾಲ ಅಕ್ಕನ ಅವನ್ನ ಬೆಳಸಿದ್ಲು. ಲಗ್ನ ಮಾಡಕೊಂಡು ನನ್ನ ಮನಿಗೆ ಬರೂಮುಂದ ಅಕಿ ತಂದದ್ದು ಎರಡು ಸೀರಿ, ಈ ತಮ್ಮ. ಈಗ ಎತ್ತಿನಂಗ ಬೆಳದಿದ್ದ, ದೀಪಾವಳಿ ಆದ ಮ್ಯಾಲ ಅವನ ಲಗ್ನ ಗೊತ್ತಾಗಿತ್ತು.

"ಮಾಮಾ, ಹೊಸಾ ನೀರು ಬಂತು. ಕೆಂಪಗ ಐತಿ. ಬಂಧಾರದ ಒಡ್ಡಿನ ಕೆಳಗ ಬಾಳಿ ಮೀನು ಏರಾಕತ್ತಾವ, ಬೆನ್ನು ಕಾಣಾಕತ್ತಾವ!" ಅಂದ.

ಹೊಸಾ ನೀರಿಗೆ ಮೀನು ಏರೂದು ವರ್ಷಕ್ಕ ನಾಕ ದಿನ. ಆ ನಾಕ ದಿನ ಹೋದ್ರ ಮಳೆಗಾಲ ಪೂರಾ ದಂಡಿ ಮ್ಯಾಲ ಕುಂತು ಗಾಳ ಹಾಕಬೇಕು. ಹೊತ್ತು ಮುಳುಗೂದ್ರಾಗ ಕಡಾಯಿ ನೀರು ಚೆಲ್ಲಿದೆ. ಎರಡು ದಿನ ನಿಲ್ಲಬೇಕಾದ ನೀರು ಒಂದ ಹಗಲು ನಿಂತಿತ್ತು.

ಹೆಂಡತಿ ಮನ್ಯಾಗ ಇರಲಿಲ್ಲ. ಮುರಗೂಡದಾಗ ಅಕಿ ಚಿಗವ್ವನ ಮಗಳ ಬಾಣಂತನಕ್ಕ ಹೋದಾಕಿ ಮರುದಿನ ಮುಂಜಾನೆ ಬಂದ್ಲು. ನಾವು ಆರು ಮಂದಿ ಬಳ್ಯಾಗ ಗಳ ಹಾಕಿ ಕಡಾಯಿ ಹೊತಗೊಂಡು ಹೊಳಿಗೆ ಹೊಂಟಿದ್ವಿ. ಗಂಟು ಬಗಲಾಗ ಇಟ್ಕೊಂಡು ದಾರ್ಯಾಗ ನಿಂತು ಕೇಳಿದ್ಲು.

"ಎರಡು ದಿನ ನೀರು ನಿಂತಿತ್ತೇನು?"

"ನಿಂತಿತ್ತು."

"ಬೂದಿ?"

"ಒಣಾ ಇತ್ತವಾ. ಬಾಜೂ ಸರಿ, ಭುಜಾ ನೋಯಾಕತ್ತಾವ."

ಎರಡನೇದು ಖರೇ ಹೇಳಿದ್ದೆ. ಮೊದಲನೇದು ಸುಳ್ಳು. ಅಕಿ ಒಳಗ ಹೋಗಿ ಬುರುಡಿ ಎರಡೂ ತಂದು ಕಡಾಯ್ಯಾಗ ಇಟ್ಟಳು. ಒಣಗಿಸಿದ ದೊಡ್ಡ ಸೋರೆಕಾಯಿ, ನೀರಿಗೆ ಬಿದ್ರ ತೇಲಸಲಿ ಅಂತ ಸುತ್ತ ಹಗ್ಗದ ಜಾಳಿಗಿ ಹೆಣದು ಬೆನ್ನಿಗೆ ಕಟ್ಟಕೊಳ್ಳಾಕ ಬರೂಹಂಗ ಅಕಿನ ಮಾಡಿದ್ಲು. ನಾವು ಯಾರೂ ಕಟ್ಟತಿರಲಿಲ್ಲ. ಅಂಬಿಗರು ಬುರುಡಿ ಕಟ್ಟೂದಂದ್ರ ಮೀಸಿ ಬೋಳಿಸಿಧಂಗ ಅಂತ ತಿಳಕೊಂಡಿದ್ವಿ. ವರ್ಷಾ ಅಕಿ ಇಡಾಕಿ, ವರ್ಷಾ ನಾವು ಮೂಲ್ಯಾಗ ಒಗ್ಯಾವ್ರು.

ಮೊದಲನೇ ದಿನ ಭಾಳ ಚೊಲೋ ಹೋತು. ನಾನು ಹುಟ್ಟು ಹಾಕಾಂವ, ಮೈದುನ ಬಲಿ ಬೀಸಾಂವ. ಕಡಾಯಿಗೆ ಮೂತಿ ಇಲ್ಲ, ಬಾಲ ಇಲ್ಲ, ಮೈಮರತ್ರ ಬುಗುರಿಯಂಗ ತಿರಗತೈತಿ. ನಿಂತು ಬಲಿ ಬೀಸಬಾರ್ದು, ಮೊಳಕಾಲೂರಿ ಬೀಸಬೇಕು. ಬಲಿ ಹಗ್ಗ ಬಳಿಗೆ ಕಟ್ಟಬಾರ್ದು, ಮುಂಗೈಗೆ ಸುತ್ತಬಾರ್ದು, ಮುಷ್ಟ್ಯಾಗ ಹಿಡೀಬೇಕು. ಹಿಡಿದದ್ದು ಬಿಡಾಕ ಬರಬೇಕು. ಇಷ್ಟು ನಾನ ಅವನಿಗೆ ಕಲಿಸಿದ್ದೆ. ನಿಂತು ಬೀಸೂದು ಬಿಟ್ಟಿದ್ದ, ಹಗ್ಗ ಮಾತ್ರ ಮುಂಗೈಗೆ ಒಂದ ಸುತ್ತು ಹಾಕತಿದ್ದ. "ಜಾರತೈತಿ ಮಾಮಾ" ಅಂತಿದ್ದ. ಬೈದು ಬೈದು ಸಾಕಾಗಿ ಸುಮ್ಮನಾಗಿದ್ದೆ. ಜಾಳಿಗಿ ತುಂಬಿ ಬಂತು, ಓಣಿಗೆಲ್ಲ ಹಂಚಿದ್ವಿ.

ಎರಡನೇ ದಿನ ಮಧ್ಯಾನ್ನದ ಹೊತ್ತಿಗೆ ಕಡಾಯಿ ತಳದಾಗ ಬಟ್ಟಲದಷ್ಟು ನೀರು ಕಂಡತು. ಬಲಿಯಿಂದ ಸೋರಿದ್ದು ಇರಬೇಕು ಅಂತ ಕರಟದ್ಲೆ ತೋಡಿ ಚೆಲ್ಲಿದೆ. ಸ್ವಲ್ಪ ಹೊತ್ತಿಗೆ ಮತ್ತ ಬಂತು. ಹೊಳಿ ನೀರು ಕೆಂಪು, ಇದು ಚಾದ ಬಣ್ಣಾ. ಮೈದುನ ಆಚಿಕಡೆ ಮಾರಿ ಮಾಡಿ ಬಲಿ ಜಗ್ಗಾಕತ್ತಿದ್ದ. ನಾನು ಬೆರಳು ಅದ್ದಿ ನಾಲಿಗಿ ಮ್ಯಾಲ ಇಟ್ಟೆ.

ಸಿಹಿ ಇತ್ತು.

ಆ ಹೊತ್ತಿಗೆ ನನಗ ಎಲ್ಲಾ ಗೊತ್ತಾತು. ಗೊತ್ತಾಗಲಿಲ್ಲ ಅಂತ ಆಮ್ಯಾಲ ಎಷ್ಟು ಮಂದಿ ಮುಂದ ಹೇಳೇನಿ, ಆದ್ರ ಗೊತ್ತಾಗಿತ್ತು. ಬಾಯಾಗಿನ ಉಗುಳು ನುಂಗಿ "ಸಾಕು ಇವತ್ತ, ನಡಿ" ಅಂತ ದಂಡಿಗೆ ತಿರಗಿಸಿದೆ. ಸಂಜೀಕ ಒಬ್ಬನ ಕುಂತು ತಳದ ಸಂದಿ ನೋಡಿದೆ. ಗೇಣುದ್ದ ಜಾಗಾದಾಗ ಬೆಲ್ಲ ಕರಗಿ ಉಗರು ಹೋಗೂಹಂಗ ಆಗಿತ್ತು. ಹಳೇ ಧೋತರದ ಚಿಂದಿ ಎಣ್ಣ್ಯಾಗ ಅದ್ದಿ, ಆ ಉಸುಕು ಕೂಡಿದ ರಾಳ ಸವರಿ, ಚಾಣದ್ಲೆ ಬಡದು ತುಂಬಿದೆ. ಗಟ್ಟಿ ಅನಿಸ್ತು. ಉಳಿದ ಸಂದ್ಯಾಗಿನ ಬೆಲ್ಲಾನೂ ಕರಗಾಕತ್ತಿರತೈತಿ ಅನ್ನೂ ವಿಚಾರಾನ್ನ ನಾನು ಬೇಕಂತ ಮಾಡಲಿಲ್ಲ.

ಮೂರನೇ ದಿನ ಹೋಗೂದೋ ಬ್ಯಾಡೋ? ಬ್ಯಾಡಂದ್ರ ಯಾಕ ಅಂತ ಹೇಳಬೇಕು. ಯಾಕ ಅಂದ್ರ ಸಂದಿ ಕೆರೀಲಿಲ್ಲ ಅಂತ ಹೇಳಬೇಕು. ಅದನ್ನ ಹೇಳಿದ್ರ ಎರಡು ದಿನ ನೀರು ನಿಲ್ಲಲಿಲ್ಲ ಅನ್ನೂದು ಹೆಂಡತಿಗೆ ತಿಳೀತೈತಿ. ಒಂದು ಸುಳ್ಳಿಗೆ ನಾಚಿ ನಾನು ಹೋದೆ. ಇದರಕಿಂತ ದೊಡ್ಡ ಕಾರಣ ಏನರ ಇತ್ತೇನು ಅಂತ ಹುಡಕಿ ನೋಡೇನಿ, ಇರಲಿಲ್ಲ.

ದಂಡ್ಯಾಗ ಕಡಾಯಿ ಇಳಸೂಮುಂದ ಬುರುಡಿ ತಗೊಂಡು ಬೆನ್ನಿಗೆ ಕಟ್ಟಕೊಂಡೆ. ಮೈದುನ ಹೊಟ್ಟಿ ಹಿಡಕೊಂಡು ನಕ್ಕ.

"ಏನ್ ಮಾಮಾ! ಬುರುಡಿ! ವಯಸ್ಸಾತೇನು?"

"ನಿಮ್ಮಕ್ಕನ ಕಾಟಾ, ಏನ್ ಮಾಡ್ಲಿ" ಅಂದೆ.

"ಹಂಗಾರ ನನಗೂ ಕಟ್ಟು ಅಂತಾಳ ಅಕಿ."

"ಕಟ್ಕೋ ಮತ್ತ."

"ಬಲಿ ಬೀಸಾಕ ಅಡ್ಡ ಬರತೈತಿ ತಗೋ" ಅಂತ ಇನ್ನೊಂದು ಬುರುಡೀನ ಕಾಲಿಲೆ ಅತ್ತಾಗ ಸರಿಸಿದ.

"ಕಟ್ಕೋ ಮತ್ತ" ಅಂತ ನಾನು ಅಂದದ್ದು ಹೆಂಗಿತ್ತಂದ್ರ, ಉಂಡ ಎದ್ದಾಂವಗ ಇನ್ನೊಂದು ರೊಟ್ಟಿ ಹಾಕ್ಕೋ ಅಂದಂಗ ಇತ್ತು. ಕಟ್ಟಲಿಲ್ಲಂದ್ರ ಇಳಿಯೂದಿಲ್ಲ ಅಂತ ಗದರಿಸಿದ್ರ ಅಂವ ಕಟ್ಟತಿದ್ದ. ಅವನ ಮ್ಯಾಲ ನನ್ನ ಮಾತು ಅಷ್ಟು ನಡೀತಿತ್ತು. ಗದರಿಸಿದ್ರ ಯಾಕ ಅಂತ ಕೇಳತಿದ್ದ, ಅದಕ್ಕ ಸುಮ್ಮನಾದೆ. ಅಂಜಿಕಿ ಇದ್ದದ್ದು ನನ್ನೊಬ್ಬನಿಗೆ, ಅದಕ್ಕ ಬುರುಡಿ ನನ್ನೊಬ್ಬನ ಬೆನ್ನ ಮ್ಯಾಲ.

ಬಂಧಾರದ ಕೆಳಗ ಒಂದು ಮಡುವು ಐತಿ, ನಡುವ ನೀರು ಸುತ್ತ ತಿರಗತೈತಿ. ಅದರ ಅಂಚಿನ್ಯಾಗ ಮೀನು ನಿಲ್ಲತಾವ. ಎರಡು ಸಲ ಬಲಿ ಹಾಕಿ ತಗದ್ವಿ. ಮೂರನೇ ಸಲ ಬಲಿ ಭಾರ ಆತು. "ದೊಡ್ಡದು ಬಿದ್ದೈತಿ ಮಾಮಾ!" ಅಂದ. ಹಗ್ಗ ಮುಂಗೈಗೆ ಸುತ್ತಿ ಜಗ್ಗಿದ. ಆವಾಗ ನನ್ನ ಹಿಮ್ಮಡಿ ಕೆಳಗ ತಣ್ಣಗಾತು. ನೋಡಿದ್ರ ಚಿಂದಿ ಎದ್ದು ತೇಲಾಕತ್ತಿತ್ತು, ಅದರ ಬಾಜೂಕ ಮೊಳದುದ್ದ ಸಂದಿ ಬಾಯಿ ಬಿಟ್ಟಿತ್ತು. ನೀರು ಬುಗ್ಗಿ ಎದ್ದಂಗ ಎದ್ದು ಬಂತು.

ಕಟಗಿ ದೋಣಿ ಆದ್ರ ನೀರು ತುಂಬಿದ್ರೂ ತೇಲತೈತಿ, ಹಿಡಕೊಳ್ಳಾಕ ಆಸರ ಇರತೈತಿ. ಕಬ್ಬಿಣಕ್ಕ ಆ ಕರುಣಾ ಇಲ್ಲ. ತಳದಾಗಿನ ನೀರು ಅಂವ ಇದ್ದ ಕಡೆ ಸರದು ಕುಂತತು, ಆ ಕಡೆ ಅಂಚು ಬಾಗಿತು. "ಹಗ್ಗ ಬಿಡೋ! ಬಿಡೋ ಹಗ್ಗ!" ಅಂತ ಒದರಿದೆ. ಅಂವ ನನ್ನ ಕಡೆ ಹೊಳ್ಳಿ ನೋಡಿದ. ಏನಾಗೇತಿ ಅಂತ ಅವನಿಗೆ ತಿಳದಿರಲಿಲ್ಲ. ಮೀನು ದೊಡ್ಡದಂತನ ತಿಳದಿದ್ದ, ಮಾರಿ ಮ್ಯಾಲ ಇನ್ನೂ ನಗಿ ಇತ್ತು. ಕಡಾಯಿ ಅವನ ಮ್ಯಾಲ ಬೋರಲ ಬಿತ್ತು.

ನಾನು ತೇಲಿದೆ. ಮುಳುಗಿ ಹುಡಕೂಣಂದ್ರ ಬುರುಡಿ ಮುಳುಗಾಕ ಬಿಡಲಿಲ್ಲ. ಹೆಂಡತಿ ಹೆಣದ ಜಾಳಿಗಿ ಗಂಟು ತೊಯ್ದು ಬಿಗದು ಬಿಚ್ಚಲಿಲ್ಲ. ಹಲ್ಲಿಲೆ ಕಡ್ಯಾಕ ಹೋದ್ರ ಬೆನ್ನಿಗೆ ಬಾಯಿ ಮುಟ್ಟಲಿಲ್ಲ. ಸೆಳವು ನನ್ನ ಎತಗೊಂಡು ಹೋಗಿ ದಂಡಿಗೆ ಒಗೀತು. ಅವನ್ನ ನೋಡಲಿಲ್ಲ.

ಹುಡಕಾಟ ಮೂರು ದಿನ ನಡೀತು, ನಮ್ಮಪ್ಪ ಹೇಳಿದಷ್ಟ. ಹಗ್ಗಕ್ಕ ಕೊಂಡಿ ಕಟ್ಟಿ ಎರಡೂ ದಂಡಿಯಿಂದ ಮಡುವು ಎಳದ್ವಿ. ಮೊದಲ ಮ್ಯಾಲಿಂದ ಕೆಳಗ, ಆಮ್ಯಾಲ ಅಡ್ಡ. ಕೊಂಡಿಗೆ ಬಲಿ ಸಿಕ್ಕತು, ಒಂದು ಜಾಲಿ ಬೊಡ್ಡಿ ತೆಕ್ಕಿಬಿದ್ದಿತ್ತು ಅದರಾಗ. ಅದನ್ನ ಅಂವ ದೊಡ್ಡ ಮೀನಂತ ತಿಳಕೊಂಡಿದ್ದ. ಹಗ್ಗದ ತುದಿ ಹರದಿತ್ತು. ನಾನು ಬುರುಡಿ ಇಲ್ಲದ ಹಾರಿ ಹಾರಿ ಮುಳುಗಿದೆ, ಕೆಂಪು ನೀರಾಗ ಕಣ್ಣು ಬಿಟ್ರೂ ಒಂದ, ಮುಚ್ಚಿದ್ರೂ ಒಂದ. ಮೂರನೇ ದಿನ ಹೆಣಾ ಏಳೂ ಹೊತ್ತಿಗೆ ಕೆಳಗಿನ ತಿರುವಿನ್ಯಾಗ ಹತ್ತು ಮಂದಿ ನಿಂತ್ವಿ. ನಾಕು ತೆಂಗಿನಕಾಯಿ, ಒಂದು ಸತ್ತ ಕರ ತೇಲಿ ಬಂದ್ವು. ಅಂವ ಬರಲಿಲ್ಲ. ಮುಂದೂ ಬರಲಿಲ್ಲ.

ಹೆಂಡತಿ ಮೂರೂ ದಿನ ದಂಡಿ ಮ್ಯಾಲ ಕುಂತಿದ್ಲು. ಅಳಲಿಲ್ಲ. ಅವನ ಒಣಾ ಅಂಗಿ ತೊಡಿ ಮ್ಯಾಲ ಇಟ್ಕೊಂಡಿದ್ಲು, ಹೊರಗ ಬಂದ ಕೂಡ್ಲೆ ಹಾಕಾಕ.

ಮಂದಿ ನನಗ ಸಮಾಧಾನ ಹೇಳಿದ್ದು ನೋಡ್ರಿ, ಅದರಂಥ ಶಿಕ್ಷಾ ಇನ್ನೊಂದಿಲ್ಲ. "ಹೊಳಿ ಒಯ್ದಳು, ನೀ ಏನ್ ಮಾಡ್ತಿ?" "ಹಗ್ಗ ಮುಂಗೈಗೆ ಸುತ್ತಬ್ಯಾಡ ಅಂತ ನೀ ಹೇಳಿದ್ದಿಲ್ಲೇನು? ನಾವೂ ಕೇಳೇವಿ." ಹೌದ್ರಿ, ಹೇಳಿದ್ದೆ. ಹೇಳಿದ್ದು ಎಲ್ಲಾರಿಗೂ ನೆನಪಿತ್ತು, ಹೇಳದೇ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪಂಚರ ಮುಂದ ನಿಂತು "ತಪ್ಪು ನಂದು" ಅಂದೆ. ಸಂದಿ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಹಿರ್ಯಾ ಬೆನ್ನ ಮ್ಯಾಲ ಕೈ ಆಡಿಸಿ "ದುಃಖದಾಗ ಹಂಗ ಅನಸ್ತೈತಿ" ಅಂದ. ಆ ಕೈ ಬುರುಡಿ ಇದ್ದ ಜಾಗಾಕ್ಕ ಬಿತ್ತು.

ಗಾಣದ ಯಜಮಾನರು ಬರಿಗಾಲಿಲೆ ನಡಕೋತ ಮನಿಗೆ ಬಂದ್ರು. ಹೊರಗ ಕಲ್ಲಿನ ಮ್ಯಾಲ ಕುಂತ್ರು. "ಪಾಪ ನಂದು. ಗೊತ್ತಿದ್ದೂ ಕೊಟ್ಟೆ" ಅಂದ್ರು. ಆಮ್ಯಾಲ, "ಯಾಕೋ ಈ ವರ್ಷ ಸೋರಿತು? ರಾಳ ಹಾಕಿದ್ದಿಲ್ಲೇನು?" ಅಂತ ಕೇಳಿದ್ರು.

"ಸಿಗಲಿಲ್ಲರಿ" ಅಂದೆ. ಅಷ್ಟರ ಅಂದೆ.

"ಒಂದ ಮಾತು ಕೇಳಬೇಕಿತ್ತಲ್ಲೋ. ಅದು ಹಳೇ ಕಡಾಯಿ. ಮುಂದಿನ ಸುಗ್ಗಿಗೆ ಹೊಸಾದು ತರಾಂವ ಇದ್ದೆ. ಇದನ್ನ ನಿನಗ ಬಿಟ್ಟುಕೊಡತಿದ್ದೆ. ನಿನ್ನ ಕಡಾಯಿಗೆ ನೀ ಏನ್ ಹಚ್ಚಿದ್ರ ನನಗೇನು?" ಅಂದ್ರು.

ಅವರು ಮುಂದ ಯಾರಿಗೂ ಕಡಾಯಿ ಕೊಡಲಿಲ್ಲ. ಆಚಿ ದಂಡ್ಯಾಗ ಹೊಲ ಇದ್ದವ್ರು ಮಳೆಗಾಲ ಪೂರಾ ಐದು ಹರದಾರಿ ಸುತ್ತು ಹಾಕಿದ್ರು. ಅದೂ ನನ್ನ ಲೆಕ್ಕಕ್ಕ.

ಐದನೇ ದಿನ ಸುದ್ದಿ ಬಂತು, ಎರಡು ಹರದಾರಿ ಕೆಳಗ ಜಾಲಿ ಕಂಟ್ಯಾಗ ಕಡಾಯಿ ಸಿಕ್ಕೊಂಡೈತಿ ಅಂತ. ಬೋರಲ ಬಿದ್ದದ್ದನ್ನ ಹೊಳಿ ಸೆಳವು ಉರಳಿಸಕೋತ ಒಯ್ದಿತ್ತು. ಮಂದಿ ಎತಗೊಂಡು ಬಂದು ಗಾಣದ ಮುಂದ ಬೇವಿನ ಬುಡಕ ಇಟ್ರು. ಹೆಂಡತಿ ಬರತೇನಿ ಅಂದ್ಲು. ಬ್ಯಾಡಂದೆ. ಬಂದ್ಲು.

ಅಕಿ ಸುತ್ತ ತಿರಗಿ ನೋಡಿದ್ಲು. ತಳದ ಸಂದಿ ಬಾಯಿ ತಗದು ಸ್ವಚ್ಛ ತೊಳದಂಗ ಇತ್ತು, ಅದರಾಗ ಏನೂ ಉಳದಿರಲಿಲ್ಲ. ಆದ್ರ ಅಂಚಿನ ಕಡೆ ಸಂದಿ ಹೊಳೀ ನೀರಿಗೆ ಅಷ್ಟು ಸಿಕ್ಕಿರಲಿಲ್ಲ. ಅಕಿ ಬಗ್ಗಿದ್ಲು. ಒಂದು ಮೊಳಿ ಬಾಜೂಕ ಉಗರು ಹಾಕಿ ಕೆರದ್ಲು. ಕರ್ರಗಿಂದು ಚೂರು ಬಂತು. ಅದನ್ನ ಬೆರಳ ಮ್ಯಾಲ ಇಟ್ಟು ನೋಡಿ ಬಾಯಾಗ ಹಾಕ್ಕೊಂಡ್ಲು.

ನಾನು ಮೂರು ಮಾರು ದೂರ ನಿಂತಿದ್ದೆ. ಅಕಿ ಬಾಯಿ ಆಡೂದನ್ನ ನೋಡಾಕತ್ತಿದ್ದೆ.

"ಸಿಹಿ ಐತಿ" ಅಂದ್ಲು.

ಅಕಿ ಉಗುಳಲಿಲ್ಲ, ನುಂಗಿದ್ಲು. ಸೆರಗಿಲೆ ಬೆರಳು ಒರಸಕೊಂಡು ನನ್ನ ಮುಂದ ಬಂದು ನಿಂತಳು.

"ಆವತ್ತ ನೀ ಬುರುಡಿ ಯಾಕ ಕಟ್ಕೊಂಡಿದ್ದಿ?"

ಅಂಬಿಗರ ಓಣ್ಯಾಗ ಅಷ್ಟು ಮಂದಿ ಇದ್ರು, ಪಂಚರಿದ್ರು, ಯಜಮಾನರಿದ್ರು. ಈ ಪ್ರಶ್ನಿ ಒಬ್ಬರಿಗೂ ಹೊಳದಿರಲಿಲ್ಲ. ಅಕಿಗೆ ಹೊಳೀತು. ಉತ್ತರಕ್ಕ ಅಕಿ ನಿಲ್ಲಲಿಲ್ಲ, ಮನಿ ದಾರಿ ಹಿಡದ್ಲು.

ಮತ್ತ ನಾನು ಹೊಳಿಗೆ ಇಳೀಲಿಲ್ಲ. ಇಚಲಕರಂಜಿ ಮಗ್ಗದ ಕಾರಖಾನ್ಯಾಗ ನೂಲಿನ ಗಂಟು ಹೊರೂ ಕೆಲಸಾ ಹಿಡದೆ. ಅಲ್ಲೆ ಒಂದು ಕೆಲಸಾನೂ ನಾನು ಅರ್ಧಕ್ಕ ಬಿಟ್ಟಿಲ್ಲ, ಬಿಗಿದ ಗಂಟು ಮತ್ತೊಮ್ಮೆ ಬಿಗದು ನೋಡತಿದ್ದೆ. ಅದರಿಂದ ಯಾರಿಗೆ ಏನು ಬಂತು ಅಂತ ಕೇಳಿದ್ರ ಹೇಳಾಕ ಏನೂ ಇಲ್ಲ. ಈಗ ಅದೂ ಬಿಟ್ಟು ಮನ್ಯಾಗ ಕುಂತೇನಿ.

ಹೆಂಡತಿ ನನ್ನ ಬಿಟ್ಟು ಹೋಗಲಿಲ್ಲ. ಬೈಲೂ ಇಲ್ಲ. ಯಾರ ಮುಂದೂ ಆಡಲಿಲ್ಲ. ಮೊದಲ ನಮ್ಮ ಮನ್ಯಾಗ ಚಾದ ರೂಢಿ ಇರಲಿಲ್ಲ, ಅದಾದ ಮ್ಯಾಲ ಅಕಿನ ಶುರು ಮಾಡಿದ್ಲು. ದಿನಾ ಮುಂಜಾನೆ ಬೆಲ್ಲ ಹಾಕಿ ಕುದಿಸಿ ಬಟ್ಟಲದಾಗ ತಂದು ಕೊಡತಾಳ, ನನ್ನ ಎದರಿಗೆ ಕುಂದ್ರತಾಳ. ನಾನು ಕುಡೀತೇನಿ. ಪೂರಾ ಕುಡದೆನೋ ಇಲ್ಲೋ ಅಂತ ಬಟ್ಟಲದ ತಳಾ ನೋಡಿ ಇಸಗೊಂಡು ಒಳಗ ಹೋಗತಾಳ.